ಮೂರನೇ ಲೆಗ್‌ನ ಅನೆಗ್ರೆಟ್ ರಿಕ್ಟರ್

ಅನೆಗ್ರೆಟ್ ರಿಕ್ಟರ್ ಎಂದರೆ ಅಥ್ಲೆಟಿಕ್ಸ್ ಬಲ್ಲವರಿಗೆ ಥಟ್ಟನೆ ನೆನಪಾಗುವುದು 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ 100 ಮೀಟರ್ ಚಿನ್ನ. ಅದಾದ ಮೇಲೆ ಇವತ್ತಿನವರೆಗೂ ಜರ್ಮನಿಯ ಯಾವ ಓಟಗಾರ್ತಿಗೂ ಆ ಚಿನ್ನ ಸಿಕ್ಕಿಲ್ಲ. ಹಾಗಾಗಿ ಆ ನೆನಪು ನ್ಯಾಯವಾದದ್ದೇ. ಆದರೆ ಅವರ ಓಟದ ಗುಣ ಏನಿತ್ತು ಎಂದು ತಿಳಿಯಬೇಕಾದರೆ 100 ಮೀಟರ್ ಫೈನಲ್ ಸಾಲದು, ರಿಲೇ ನೋಡಬೇಕು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲೂ ಮಾಂಟ್ರಿಯಲ್‌ನಲ್ಲೂ 4×100 ಫೈನಲ್‌ನಲ್ಲಿ ಅವರು ಓಡಿದ್ದು ಮೂರನೇ ಲೆಗ್ (ನಾಲ್ವರು ಬ್ಯಾಟನ್ ಎಂಬ ಕೋಲನ್ನು ಕೈಯಿಂದ ಕೈಗೆ ದಾಟಿಸುತ್ತ ಓಡುವ ರಿಲೇಯಲ್ಲಿ ಒಬ್ಬೊಬ್ಬರ ಪಾಲಿನ ಓಟವೇ ಒಂದು ಲೆಗ್). ಮಾಂಟ್ರಿಯಲ್‌ನ ಆ ದಿನ ಅವರು ವಿಶ್ವದಾಖಲೆಯ ಒಡತಿ, ಒಲಿಂಪಿಕ್ ಚಾಂಪಿಯನ್, ತಂಡದಲ್ಲಿ ಎಲ್ಲರಿಗಿಂತ ವೇಗಿ. ಆದರೂ ಕೊನೆಯ ಲೆಗ್ ಅವರಿಗೆ ಕೊಡಲಿಲ್ಲ. ಅದು ಯಾಕೆ ಸರಿಯಾದ ಲೆಕ್ಕ ಎಂಬುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಇವತ್ತಿಗೂ ಎಷ್ಟೋ ಶಾಲೆ, ಕಾಲೇಜು ತಂಡಗಳಲ್ಲಿ ಜೋರಾಗಿ ಓಡುವವರನ್ನು ಕಣ್ಣು ಮುಚ್ಚಿ ಕೊನೆಗೆ ನಿಲ್ಲಿಸುತ್ತಾರೆ.

ರಿಕ್ಟರ್ ಹುಟ್ಟಿದ್ದು 1950ರ ಅಕ್ಟೋಬರ್ 13ರಂದು, ಪಶ್ಚಿಮ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ. ಮದುವೆಗೆ ಮುಂಚಿನ ಹೆಸರು ಅನೆಗ್ರೆಟ್ ಇರ್ಗಾಂಗ್. ಹಳೆಯ ಫಲಿತಾಂಶ ಪಟ್ಟಿ ಹುಡುಕುವವರು ಇದನ್ನು ನೆನಪಿಟ್ಟುಕೊಳ್ಳಬೇಕು, 1971ರ ಹೆಲ್ಸಿಂಕಿ ಯುರೋಪಿಯನ್ ಚಾಂಪಿಯನ್‌ಷಿಪ್‌ನ ರಿಲೇ ಚಿನ್ನ ಇರ್ಗಾಂಗ್ ಎಂಬ ಹೆಸರಿನಲ್ಲೇ ಇದೆ. 1973ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಯುರೋಪಿಯನ್ ಒಳಾಂಗಣ ಕೂಟದ 60 ಮೀಟರ್ ಗೆದ್ದರು. 1974ರಲ್ಲಿ ರೋಮ್‌ನಲ್ಲಿ ರಿಲೇ ಬೆಳ್ಳಿ, ಅಲ್ಲಿ ಪಶ್ಚಿಮ ಜರ್ಮನಿ 42.75 ಸೆಕೆಂಡಿನಲ್ಲಿ ಓಡಿದರೂ ಪೂರ್ವ ಜರ್ಮನಿ 42.51ರ ವಿಶ್ವದಾಖಲೆ ಮಾಡಿ ಮುಂದೆ ಹೋಯಿತು. ಇವಿಷ್ಟು ನಡುವಿನ ವರ್ಷಗಳು. ಈಗ ಮ್ಯೂನಿಕ್‌ಗೆ ಬರೋಣ.

1972ರ 100 ಮೀಟರ್ ಫೈನಲ್‌ನಲ್ಲಿ ರಿಕ್ಟರ್ ಐದನೆಯವರು, 11.38. ಗೆದ್ದದ್ದು ಪೂರ್ವ ಜರ್ಮನಿಯ ರೆನಾಟೆ ಸ್ಟೆಖರ್, 11.07. ಇಬ್ಬರ ನಡುವೆ 0.31 ಸೆಕೆಂಡ್, ಅಂದರೆ ಗೆರೆಯ ಹತ್ತಿರ ಸುಮಾರು ಮೂರು ಮೀಟರ್. ಸ್ಟೆಖರ್ 200 ಮೀಟರನ್ನೂ ಗೆದ್ದಿದ್ದರು. ಸೆಪ್ಟೆಂಬರ್ 5ರ ದಾಳಿಯಲ್ಲಿ ಇಸ್ರೇಲ್ ತಂಡದ 11 ಮಂದಿ ಬಲಿಯಾಗಿ, ಕೂಟ ನಿಂತು, ಮತ್ತೆ ಶುರುವಾಗಿತ್ತು. ಆ ಭಾರ ಇಡೀ ಕ್ರೀಡಾಂಗಣದ ಮೇಲೆ ಇದ್ದಾಗಲೇ ಸೆಪ್ಟೆಂಬರ್ 10ರಂದು ಮಹಿಳೆಯರ ರಿಲೇ ಫೈನಲ್ ನಡೆಯಿತು.

ಪಶ್ಚಿಮ ಜರ್ಮನಿಯ ಕ್ರಮ ಹೀಗಿತ್ತು: ಕ್ರಿಸ್ಟಿಯಾನೆ ಕ್ರೌಸೆ, ಇಂಗ್ರಿಡ್ ಮಿಕ್ಲರ್-ಬೆಕರ್, ರಿಕ್ಟರ್, ಹೈಡೆ ರೋಸೆಂಡಾಲ್. ಇವರಲ್ಲಿ ಇಬ್ಬರು ಬರೀ ಓಟಗಾರ್ತಿಯರಲ್ಲ. ಮಿಕ್ಲರ್-ಬೆಕರ್ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ ಪೆಂಟಾಥ್ಲಾನ್ (ಐದು ಸ್ಪರ್ಧೆಗಳನ್ನು ಕೂಡಿಸಿದ ಪಂದ್ಯ) ಚಾಂಪಿಯನ್. ರೋಸೆಂಡಾಲ್ ಅದೇ ಮ್ಯೂನಿಕ್‌ನಲ್ಲಿ 6.78 ಮೀಟರ್ ಹಾರಿ ಉದ್ದ ಜಿಗಿತದ ಚಿನ್ನ ಗೆದ್ದವರು, ಪೆಂಟಾಥ್ಲಾನ್‌ನಲ್ಲಿ ಬೆಳ್ಳಿ. ಆ ಪೆಂಟಾಥ್ಲಾನ್‌ನ ಕೊನೆಯ ಸ್ಪರ್ಧೆಯಾದ 200 ಮೀಟರನ್ನು ಅವರು 22.96ರಲ್ಲಿ ಓಡಿದ್ದರು. ಸುಸ್ತಾದ ಕಾಲಲ್ಲೂ ಇಷ್ಟು ವೇಗ ಇರುವವರನ್ನು ಕೊನೆಯ ಲೆಗ್‌ಗೆ ಹಾಕಿದ್ದು ಭಾವುಕತೆಯಿಂದ ಅಲ್ಲ. ಎದುರಿಗೆ ಕೊನೆಯ ಲೆಗ್‌ನಲ್ಲಿ ನಿಂತಿದ್ದವರು ಸ್ಟೆಖರ್. ರೋಸೆಂಡಾಲ್‌ಗೆ ಬ್ಯಾಟನ್ ಸಿಗುವಾಗ ಸ್ವಲ್ಪ ಮುನ್ನಡೆ ಇರಲೇಬೇಕಿತ್ತು. ಅದನ್ನು ಮಾಡಿಕೊಡಬೇಕಾದ್ದು ಮೊದಲ ಮೂವರು. ಮಾಡಿಕೊಟ್ಟರು. ಪಶ್ಚಿಮ ಜರ್ಮನಿ 42.81ರಲ್ಲಿ ಗೆದ್ದಿತು, ಪೂರ್ವ ಜರ್ಮನಿ 42.95. ವಿಶ್ವದಾಖಲೆಗೆ ಸಮನಾದ ಓಟ, 0.14 ಸೆಕೆಂಡಿನ ಅಂತರ, ನೆಲದ ಮೇಲೆ ಸುಮಾರು 1.3 ಮೀಟರ್. ಕ್ಯೂಬಾ ಮೂರನೆಯದು.

ಆ 1.3 ಮೀಟರನ್ನು ಮನಸ್ಸಿನಲ್ಲಿಟ್ಟುಕೊಂಡು ತಿರುವಿನ ಲೆಕ್ಕ ನೋಡಿ.

ಮೂರನೇ ಲೆಗ್ ಎಂದರೆ ಎರಡನೇ ತಿರುವು. ಲೇನ್‌ನ ಅಗಲ 1.22 ಮೀಟರ್. ಲೇನ್‌ನ ಒಳಗೆರೆ ಹಿಡಿದು ಓಡುವುದಕ್ಕೂ ಅರ್ಧ ಲೇನ್ ಹೊರಗೆ, ಅಂದರೆ 60 ಸೆಂಟಿಮೀಟರ್ ಆಚೆ ಓಡುವುದಕ್ಕೂ ಅರ್ಧವೃತ್ತದಲ್ಲಿ ಎಷ್ಟು ವ್ಯತ್ಯಾಸ? 0.6ನ್ನು 3.14ರಿಂದ ಗುಣಿಸಿ: 1.9 ಮೀಟರ್ ಹತ್ತಿರ. ಮ್ಯೂನಿಕ್‌ನ ಗೆಲುವಿನ ಅಂತರಕ್ಕಿಂತ ಜಾಸ್ತಿ! ಕಾಲಿನ ವೇಗ ಒಂದಿಷ್ಟೂ ಕಮ್ಮಿಯಾಗದೆ, ಬರೀ ಸಾಲು ತಪ್ಪಿ ಓಡಿದ್ದಕ್ಕೆ 0.2 ಸೆಕೆಂಡ್ ಹೋಯಿತು. ಹಾಗಂತ ಒಳಗೆರೆಗೆ ತೀರಾ ಅಂಟಿಕೊಂಡರೆ ಗೆರೆ ತುಳಿದು ಅನರ್ಹರಾಗುವ ಅಪಾಯ. ಒಳ್ಳೆಯ ತಿರುವಿನ ಓಟಗಾರ್ತಿ ಗೆರೆಯಿಂದ ಒಂದು ಗೇಣು ಆಚೆ ಎಡಗಾಲು ಊರುತ್ತ ಹೋಗುತ್ತಾಳೆ, ಆ ಗೇಣು ಕೊನೆಯವರೆಗೂ ಬದಲಾಗುವುದಿಲ್ಲ.

ಇನ್ನು ಓರೆ. ಈಗಿನ ಪ್ರಮಾಣಿತ ಟ್ರ್ಯಾಕ್‌ನಲ್ಲಿ ಒಳ ತಿರುವಿನ ತ್ರಿಜ್ಯ 36.5 ಮೀಟರ್. ಸೆಕೆಂಡಿಗೆ 9.5 ಮೀಟರ್ ವೇಗದಲ್ಲಿ ಒಂದನೇ ಲೇನ್‌ನ ತಿರುವು ಓಡುವಾಗ ದೇಹವನ್ನು ಒಳಕ್ಕೆ ಎಳೆಯುವ ಬಲ ಗುರುತ್ವದ ಕಾಲುಭಾಗದಷ್ಟು ಬೇಕು. ಮೈ ಸುಮಾರು 14 ಡಿಗ್ರಿ ಎಡಕ್ಕೆ ವಾಲಬೇಕು. ಎಂಟನೇ ಲೇನ್‌ನಲ್ಲಿ ತ್ರಿಜ್ಯ 45 ಮೀಟರ್ ಇರುವುದರಿಂದ 11 ಡಿಗ್ರಿ ಚಿಲ್ಲರೆ ಸಾಕು. ವಾಲುವಿಕೆ ಪಾದದ ಕೀಲಿನಿಂದಲೇ ಆಗಬೇಕು. ಸೊಂಟದ ಹತ್ತಿರ ಬಾಗಿದರೆ ಎಡಗಾಲಿನ ತಳ್ಳು ಸತ್ತುಹೋಗುತ್ತದೆ. ಎತ್ತರದ, ಉದ್ದ ಹೆಜ್ಜೆಯ ಓಟಗಾರ್ತಿಗೆ ಇದು ಕಷ್ಟ. ಹೆಜ್ಜೆಯ ಲಯ ಚುರುಕಾಗಿದ್ದು, ಪ್ರತಿ ಹೆಜ್ಜೆಗೂ ಸ್ವಲ್ಪ ಸ್ವಲ್ಪವೇ ದಿಕ್ಕು ತಿರುಗಿಸಬಲ್ಲವರಿಗೆ ಸುಲಭ. 60 ಮೀಟರ್ ಗೆಲ್ಲುವ ಸ್ಟಾರ್ಟ್ ಮತ್ತು 200 ಮೀಟರ್‌ನಲ್ಲಿ ಒಲಿಂಪಿಕ್ ಬೆಳ್ಳಿ ತರುವ ತಿರುವಿನ ಓಟ, ಎರಡೂ ರಿಕ್ಟರ್ ಹತ್ತಿರ ಇದ್ದವು.

ಕೈಗಳ ವಿಷಯಕ್ಕೆ ಬರುತ್ತೇನೆ. ಬ್ಯಾಟನ್ 28ರಿಂದ 30 ಸೆಂಟಿಮೀಟರ್ ಉದ್ದದ ಟೊಳ್ಳು ಕೊಳವೆ, ತೂಕ ಕನಿಷ್ಠ 50 ಗ್ರಾಂ. ಮೊದಲನೆಯವರು ಬಲಗೈಯಲ್ಲಿ ಹಿಡಿದು ತಿರುವಿನ ಒಳಸಾಲಿನಲ್ಲಿ ಓಡುತ್ತಾರೆ, ಎರಡನೆಯವರು ಎಡಗೈಯಲ್ಲಿ ಪಡೆದು ನೇರ ದಾರಿಯಲ್ಲಿ ಲೇನ್‌ನ ಹೊರಬದಿ ಹಿಡಿಯುತ್ತಾರೆ, ಮೂರನೆಯವರು ಬಲಗೈಯಲ್ಲಿ ಪಡೆದು ಮತ್ತೆ ಒಳಸಾಲು, ಕೊನೆಯವರು ಎಡಗೈ. ಒಮ್ಮೆ ಹಿಡಿದ ಮೇಲೆ ಯಾರೂ ಕೈ ಬದಲಿಸುವುದಿಲ್ಲ. ಹೀಗೆ ಮಾಡಿದರೆ ಕೊಡುವವರೂ ಪಡೆಯುವವರೂ ಒಬ್ಬರ ಹಿಂದೆ ಒಬ್ಬರು ಬರದೆ ಅಕ್ಕಪಕ್ಕದ ಸಾಲಿನಲ್ಲಿರುತ್ತಾರೆ, ಕಾಲಿಗೆ ಕಾಲು ತಾಗುವುದಿಲ್ಲ. ಮೂರನೇ ಲೆಗ್‌ನವರು ಕಾಯುವಾಗ ಲೇನ್‌ನ ಒಳಬದಿಯಲ್ಲಿ ನಿಂತು ಬಲಭುಜದ ಮೇಲಿಂದ ಹಿಂದಕ್ಕೆ ನೋಡುತ್ತಾರೆ. ಎಡಭುಜದ ಮೇಲಿಂದ ನೋಡುವ ಅಭ್ಯಾಸ ಇದ್ದರೆ ಹೊರಡುವಾಗ ಮೈ ತಿರುಚಿ ಮೊದಲ ಎರಡು ಹೆಜ್ಜೆ ಹಾಳಾಗುತ್ತವೆ.

ಮೊದಲನೆಯವರಿಗೆ ಬ್ಯಾಟನ್ ಕೊಡುವ ಕೆಲಸ ಮಾತ್ರ, ಕೊನೆಯವರಿಗೆ ಪಡೆಯುವ ಕೆಲಸ ಮಾತ್ರ. ನಡುವಿನ ಇಬ್ಬರಿಗೆ ಎರಡೂ. ಓಡುವ ದೂರವೂ ಅವರದ್ದೇ ಹೆಚ್ಚು. ರಿಕ್ಟರ್ ಕಾಲದ ನಿಯಮದಲ್ಲಿ ಬ್ಯಾಟನ್ ಬದಲಾಯಿಸುವ ವಲಯ 20 ಮೀಟರ್, ಅದರ ಹಿಂದೆ ವೇಗ ಹಿಡಿಯಲು ಇನ್ನೊಂದು 10 ಮೀಟರ್. ಈ 10 ಮೀಟರ್‌ನಲ್ಲಿ ಓಡಬಹುದಿತ್ತು, ಬ್ಯಾಟನ್ ಮುಟ್ಟುವಂತಿರಲಿಲ್ಲ. ಈಗ ಎರಡನ್ನೂ ಸೇರಿಸಿ 30 ಮೀಟರ್‌ನ ಒಂದೇ ವಲಯ ಮಾಡಿದ್ದಾರೆ. ಮೂರನೆಯವರು ಆ ಗೆರೆಯಿಂದ ಹೊರಟು ಮುಂದಿನ ವಲಯದ ಅಂಚಿನವರೆಗೆ ಹೋದರೆ 130 ಮೀಟರ್ ಓಟ, ಅಷ್ಟೂ ಹೆಚ್ಚುಕಡಿಮೆ ತಿರುವಿನಲ್ಲಿ. ವೇಗವೂ ಬೇಕು, ಕೊನೆಯ 20 ಮೀಟರ್‌ನಲ್ಲಿ ಕುಸಿಯದ ದಮ್ಮೂ ಬೇಕು, ಕೈ ನಡುಗಬಾರದು. ತಂಡದ ಅತ್ಯುತ್ತಮರನ್ನು ಇಲ್ಲಿ ನಿಲ್ಲಿಸದೆ ಇನ್ನೆಲ್ಲಿ ನಿಲ್ಲಿಸಬೇಕು?

ಹೊರಡುವ ಕ್ಷಣದ ಲೆಕ್ಕ ಹೀಗೆ. ಹಿಂದಿನಿಂದ ಬರುವವರು ಸೆಕೆಂಡಿಗೆ 9 ಮೀಟರ್ ವೇಗದಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಹೊರಡುವವರು 25 ಮೀಟರ್ ದಾಟಲು 3.5 ಸೆಕೆಂಡ್ ತೆಗೆದುಕೊಳ್ಳುತ್ತಾರೆ, ಬ್ಯಾಟನ್ ಬದಲಾಗಬೇಕಾದ ಜಾಗವೂ ಅದೇ. ಅಷ್ಟರಲ್ಲಿ ಬರುವವರು ಓಡುವ ದೂರ 31.5 ಮೀಟರ್. ಇಬ್ಬರ ಚಾಚಿದ ಕೈಗಳ ನಡುವೆ ಒಂದು ಮೀಟರ್ ಅಂತರ ಸಿಗುತ್ತದೆ, ಆದ್ದರಿಂದ ಬರುವವರು 24 ಮೀಟರ್‌ವರೆಗೆ ಬಂದರೆ ಸಾಕು. 31.5ರಲ್ಲಿ 24 ಕಳೆದರೆ 7.5. ಹೊರಡುವ ಜಾಗದಿಂದ 7.5 ಮೀಟರ್ ಹಿಂದೆ ಟೇಪ್ ಅಂಟಿಸಬೇಕು. ಮೈದಾನದಲ್ಲಿ ಯಾರೂ ಇದನ್ನು ಮೀಟರ್‌ನಲ್ಲಿ ಅಳೆಯುವುದಿಲ್ಲ, ಹಿಮ್ಮಡಿಗೆ ಹೆಬ್ಬೆರಳು ಸೇರಿಸಿ ಹೆಜ್ಜೆ ಇಡುತ್ತಾರೆ. 27 ಸೆಂಟಿಮೀಟರ್‌ನ ಷೂ ಆದರೆ 28 ಪಾದಗಳು. ಬರುವವರು ಆ ಟೇಪ್ ದಾಟಿದ ಕೂಡಲೇ ತಿರುಗಿ ನೋಡದೆ ಪೂರ್ತಿ ಜೋರಿನಲ್ಲಿ ಹೊರಡಬೇಕು.

ಎಲ್ಲಿ ತಪ್ಪುತ್ತದೆ? ಬರುವವರ ವೇಗದ ಅಂದಾಜು ಸೆಕೆಂಡಿಗೆ 0.3 ಮೀಟರ್ ತಪ್ಪಾದರೆ ಸಾಕು, 3.5 ಸೆಕೆಂಡಿನಲ್ಲಿ ಒಂದು ಮೀಟರ್ ಏರುಪೇರು. ಬರುವವರು ನಿಧಾನವಾದರೆ ಕೈಗೆ ಕೈ ಎಟುಕುವುದಿಲ್ಲ, ಬೇಗ ಬಂದರೆ ಹೊರಡುವವರ ಬೆನ್ನ ಮೇಲೇ ಬೀಳುತ್ತಾರೆ. ಅಭ್ಯಾಸದಲ್ಲಿ ದಣಿಯದ ಕಾಲಿನಿಂದ 40 ಮೀಟರ್ ಓಡಿಬಂದು ಟೇಪ್ ಗುರುತು ಮಾಡಿದವರು ಸ್ಪರ್ಧೆಯಲ್ಲಿ ಸೋಲುವುದು ಇದಕ್ಕೇ, ಸ್ಪರ್ಧೆಯಲ್ಲಿ ಅದೇ ಗೆಳತಿ 110 ಮೀಟರ್ ಓಡಿ ಬಂದಿರುತ್ತಾಳೆ. ಎರಡನೇ ತಪ್ಪು, ಟೇಪ್ ದಾಟುವ ಮುಂಚೆಯೇ ಮೈ ಮುಂದಕ್ಕೆ ತೂಗುವುದು. ಮೂರನೆಯದು ಕೈಯನ್ನು ಬೇಗ ಹಿಂದಕ್ಕೆ ಚಾಚುವುದು. ಕೈ ಚಾಚಿ ಓಡಿದ ಪ್ರತಿ ಹೆಜ್ಜೆಯೂ ನಿಧಾನ. ಹಿಂದಿನಿಂದ ಬರುವವರ ಕೂಗು ಕೇಳಿದ ಮೇಲೆ ಚಾಚಬೇಕು, ಚಾಚಿದ ಕೈ ಅಲುಗಬಾರದು. ಅಂಗೈ ಹುಡುಕಿಕೊಂಡು ಬ್ಯಾಟನ್ ಅಲೆದಾಡಿದರೆ ಕೆಟ್ಟಿತು.

ಬ್ಯಾಟನ್ ಕೆಳಗಿನಿಂದ ಮೇಲಕ್ಕೆ ಕೊಡುವ ಪದ್ಧತಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೊದಲನೆಯವರು ಬುಡದಲ್ಲಿ ಹಿಡಿದಿರುತ್ತಾರೆ. ಎರಡನೆಯವರು ಅವರ ಕೈಯ ಮುಂದೆ ಹಿಡಿಯುತ್ತಾರೆ, ಮೂರನೆಯವರು ಅದಕ್ಕೂ ಮುಂದೆ. 30 ಸೆಂಟಿಮೀಟರ್‌ನಲ್ಲಿ ಪ್ರತಿ ಮುಷ್ಟಿಗೂ 8-9 ಸೆಂಟಿಮೀಟರ್ ಹೋಗುತ್ತ ಮೂರನೆಯವರ ಮುಷ್ಟಿಯ ಮುಂದೆ ಉಳಿಯುವುದು ಎರಡು ಬೆರಳಿನಷ್ಟು. ಕೊನೆಯವರಿಗೆ ಹಿಡಿಯಲು ಏನೂ ಇರುವುದಿಲ್ಲ. ಹಾಗಾಗಿ ಕೊಡುವಾಗಲೇ ಕೈಗೆ ಕೈ ತಾಗುವಷ್ಟು ಒಳಕ್ಕೆ ಒತ್ತಬೇಕು, ಇಲ್ಲವೇ ಮೇಲಿನಿಂದ ಕೆಳಕ್ಕೆ ಅಥವಾ ನೇರವಾಗಿ ಮುಂದಕ್ಕೆ ತಳ್ಳುವ ಪದ್ಧತಿ ಬಳಸಬೇಕು. ತಿರುವಿನ ನಡುವೆ ಬ್ಯಾಟನ್ ಬುಡವನ್ನು ತೊಡೆಗೆ ಕುಟ್ಟಿ ಸರಿಪಡಿಸಿಕೊಳ್ಳುವವರಿದ್ದಾರೆ. ಅದು ಬೀಳಿಸುವುದಕ್ಕೆ ಆಹ್ವಾನ.

ಮೂರನೆಯವರಿಂದ ನಾಲ್ಕನೆಯವರಿಗೆ ಕೊಡುವ ಆ ಬದಲಾವಣೆಗೆ ಜರ್ಮನಿಯಲ್ಲಿ ಹಳೆಯ ಗಾಯವೊಂದಿದೆ. 1936ರ ಬರ್ಲಿನ್ ಒಲಿಂಪಿಕ್ಸ್. ಹೀಟ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನಲ್ಲಿ, ಜರ್ಮನಿಯ ಮಹಿಳೆಯರು 46.4 ಸೆಕೆಂಡಿನ ವಿಶ್ವದಾಖಲೆ ಮಾಡಿದ್ದರು. ಫೈನಲ್‌ನಲ್ಲೂ ಸ್ಪಷ್ಟವಾಗಿ ಮುಂದಿದ್ದರು. ಮಾರಿ ಡೋಲಿಂಗರ್ ಕೈಯಿಂದ ಇಲ್ಸೆ ಡೋರ್‌ಫೆಲ್ಟ್ ಕೈಗೆ ಹೋಗಬೇಕಾದ ಬ್ಯಾಟನ್ ನೆಲಕ್ಕೆ ಬಿತ್ತು. ಅಮೆರಿಕ 46.9ರಲ್ಲಿ ಚಿನ್ನ ಒಯ್ದಿತು. ಮ್ಯೂನಿಕ್‌ನಲ್ಲಿ ರಿಕ್ಟರ್ ರೋಸೆಂಡಾಲ್‌ಗೆ ಬ್ಯಾಟನ್ ದಾಟಿಸಿದ್ದು ಅದೇ ಮೂರನೇ ಬದಲಾವಣೆಯಲ್ಲಿ, ಮತ್ತೆ ಜರ್ಮನ್ ಜನಸ್ತೋಮದ ಎದುರಿಗೇ.

ಇನ್ನು ಮಾಂಟ್ರಿಯಲ್. ಮೊದಲು ಗಡಿಯಾರದ ಮಾತು ಹೇಳದೆ ದಾಖಲೆಯ ಮಾತು ಅರ್ಥವಾಗುವುದಿಲ್ಲ. ಸ್ಟೆಖರ್ 1973ರಲ್ಲಿ 10.8 ಓಡಿದ್ದಾರಲ್ಲ, ಮಾಂಟ್ರಿಯಲ್‌ನಲ್ಲಿ ರಿಕ್ಟರ್ ಓಡಿದ 11.01 ಹೇಗೆ ವಿಶ್ವದಾಖಲೆ ಎಂದು ಕೇಳುವವರಿದ್ದಾರೆ. 10.8 ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್‌ನ ಸಮಯ. ಕೈಯಲ್ಲಿ ಗುಂಡಿ ಒತ್ತುವವರು ಪಿಸ್ತೂಲಿನ ಹೊಗೆ ನೋಡಿ ಒತ್ತುವಷ್ಟರಲ್ಲಿ ಓಟ ಶುರುವಾಗಿರುತ್ತದೆ, ಗೆರೆಯ ಹತ್ತಿರ ಮಾತ್ರ ಮುಂಚೆಯೇ ಅಂದಾಜಿಸಿ ಸರಿಯಾಗಿ ಒತ್ತುತ್ತಾರೆ. ಹಾಗಾಗಿ ಸ್ಟಾಪ್‌ವಾಚ್ ಯಾವಾಗಲೂ ಕಮ್ಮಿ ತೋರಿಸುತ್ತದೆ. 100 ಮೀಟರ್‌ಗೆ 0.24 ಸೇರಿಸಿ ಹೋಲಿಸುವುದು ರೂಢಿ. 10.8 ಆಗ 11.04 ಆಗುತ್ತದೆ. 1977ರಿಂದ ಈ ದೂರಗಳಿಗೆ ವಿದ್ಯುನ್ಮಾನ ಸಮಯ ಮಾತ್ರ ದಾಖಲೆಯಾಗುತ್ತದೆ. ಆ ಅಳತೆಯಲ್ಲಿ ಸರಪಳಿ ಹೀಗಿದೆ: ಸ್ಟೆಖರ್ 11.07 ಮ್ಯೂನಿಕ್‌ನಲ್ಲಿ, ಪಶ್ಚಿಮ ಜರ್ಮನಿಯ ಇಂಗೆ ಹೆಲ್ಟೆನ್ 11.04 ಫ್ಯೂರ್ತ್‌ನಲ್ಲಿ 1976ರ ಜೂನ್ 13ರಂದು, ರಿಕ್ಟರ್ 11.01 ಜುಲೈ 25ರಂದು ಮಾಂಟ್ರಿಯಲ್‌ನ ಸೆಮಿಫೈನಲ್‌ನಲ್ಲಿ. ಮುಂದಿನ ವರ್ಷ ಪೂರ್ವ ಜರ್ಮನಿಯ ಮಾರ್ಲೀಸ್ ಓಲ್ಸ್ನರ್ 10.88 ಓಡಿ 11ರ ಗೋಡೆ ಒಡೆದರು.

ಸೆಮಿಫೈನಲ್ ದಿನವೇ ಫೈನಲ್. ರಿಕ್ಟರ್ 11.08, ಸ್ಟೆಖರ್ 11.13, ಹೆಲ್ಟೆನ್ 11.17. ಸೆಮಿಗಿಂತ 0.07 ನಿಧಾನ ಓಡಿದರೂ ಗೆದ್ದರು. ಒಂದೇ ದಿನ ಎರಡು ಸಲ ಪೂರ್ತಿ ಜೋರಿನಲ್ಲಿ ಓಡುವವರಿಗೆ ಇದು ಸಾಮಾನ್ಯ, ಯಾರು ಕಮ್ಮಿ ಕಳೆದುಕೊಳ್ಳುತ್ತಾರೋ ಅವರದ್ದು ಪದಕ.

200 ಮೀಟರ್ ಫೈನಲ್‌ನಲ್ಲಿ ಪೂರ್ವ ಜರ್ಮನಿಯ ಬೇರ್ಬೆಲ್ ಎಕರ್ಟ್ 22.37, ರಿಕ್ಟರ್ 22.39, ಸ್ಟೆಖರ್ 22.47. ಮೊದಲ ಇಬ್ಬರ ನಡುವೆ 0.02 ಸೆಕೆಂಡ್, ನೆಲದ ಮೇಲೆ ಒಂದು ಗೇಣಿಗಿಂತ ಕಮ್ಮಿ.

ಆಮೇಲೆ ರಿಲೇ. ಎಲ್ವಿರಾ ಪೊಸೆಕೆಲ್, ಹೆಲ್ಟೆನ್, ರಿಕ್ಟರ್, ಅನೆಗ್ರೆಟ್ ಕ್ರೋನಿಗರ್. ನೋಡಿ, ಆ ವರ್ಷ ವಿಶ್ವದಾಖಲೆ ಬರೆದ ಇಬ್ಬರೂ ನಡುವಿನ ಎರಡು ಲೆಗ್‌ಗಳಲ್ಲಿ. ಎರಡೆರಡು ಸಲ ಬ್ಯಾಟನ್ ಮುಟ್ಟುವ, ಹೆಚ್ಚು ದೂರ ಓಡುವ ಜಾಗ ಅವು. ಆ ಕ್ರಮ ನಿರ್ಧರಿಸಿದವರಿಗೆ ರಿಲೇ ಗೊತ್ತಿತ್ತು. ಪೂರ್ವ ಜರ್ಮನಿ ಓಲ್ಸ್ನರ್, ಸ್ಟೆಖರ್, ಕಾರ್ಲಾ ಬೋಡೆನ್‌ಡಾರ್ಫ್, ಎಕರ್ಟ್ ಎಂದು ನಿಲ್ಲಿಸಿ, 200 ಮೀಟರ್ ಚಾಂಪಿಯನ್ನರನ್ನು ಕೊನೆಗೆ ಇಟ್ಟಿತು. ಫಲಿತಾಂಶ: ಪೂರ್ವ ಜರ್ಮನಿ 42.55ರಲ್ಲಿ ಚಿನ್ನ, ಪಶ್ಚಿಮ ಜರ್ಮನಿ 42.59ರಲ್ಲಿ ಬೆಳ್ಳಿ. ನಾಲ್ಕು ಮಂದಿ, ಮೂರು ಬದಲಾವಣೆ, 400 ಮೀಟರ್ ಆದಮೇಲೆ ಉಳಿದ ಅಂತರ 38 ಸೆಂಟಿಮೀಟರ್. ಒಂದು ಮೊಳವೂ ಇಲ್ಲ, ಬ್ಯಾಟನ್‌ಗಿಂತ ನಾಲ್ಕು ಬೆರಳು ಉದ್ದ. 42.59ನ್ನು ನಾಲ್ಕರಿಂದ ಭಾಗಿಸಿದರೆ ತಲಾ 10.65 ಸೆಕೆಂಡ್. ಜಗತ್ತಿನಲ್ಲಿ ಯಾವ ಓಟಗಾರ್ತಿಯೂ 100 ಮೀಟರನ್ನು 11ರ ಕೆಳಗೆ ವಿದ್ಯುನ್ಮಾನ ಸಮಯದಲ್ಲಿ ಓಡಿರದ ಕಾಲ ಅದು. ಮೂವರು ಓಡುತ್ತಲೇ ಬ್ಯಾಟನ್ ಪಡೆಯುವುದರಿಂದ ಬರುವ ಲಾಭ ಎಷ್ಟು ದೊಡ್ಡದು ಎಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ಬೇಡ.

ಆ ಕಾಲದ ಸಮಯಗಳ ಬಗ್ಗೆ ಬರೆಯುವವರು ಒಂದು ಮಾತು ನುಂಗಬಾರದು. ಪೂರ್ವ ಜರ್ಮನಿಯಲ್ಲಿ 1974ರಿಂದ ‘14.25’ ಎಂಬ ಸಂಕೇತದ ಸರ್ಕಾರಿ ಯೋಜನೆಯಡಿ ಓಟಗಾರ್ತಿಯರಿಗೆ ಹಾರ್ಮೋನು ಔಷಧ ಕೊಡುತ್ತಿದ್ದದ್ದು 1990ರ ನಂತರ ಕಡತಗಳಿಂದಲೇ ಹೊರಬಂತು. ಪಶ್ಚಿಮ ಜರ್ಮನಿಯಲ್ಲೂ ಸರ್ಕಾರಿ ಹಣದ ನೆರವಿನಿಂದ ಉದ್ದೀಪನ ಮದ್ದಿನ ಸಂಶೋಧನೆ ನಡೆದಿತ್ತು ಎಂದು 2013ರಲ್ಲಿ ಬರ್ಲಿನ್‌ನ ಹುಂಬೋಲ್ಟ್ ವಿಶ್ವವಿದ್ಯಾಲಯದ ಸಂಶೋಧಕರ ವರದಿ ಹೇಳಿತು. ಇದರಿಂದ ಇಂಥ ಓಟಗಾರ್ತಿ ಹೀಗೆ ಎಂದು ಬೆರಳು ತೋರಿಸಲು ಬರುವುದಿಲ್ಲ, ತೋರಿಸಲೂಬಾರದು. ಯಾರಿಗೆ ಏನು ಕೊಡುತ್ತಿದ್ದಾರೆಂಬುದು ಆ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಗೊತ್ತೇ ಇರಲಿಲ್ಲ, ಅವರ ಮೈಗಾದ ಹಾನಿ ನೆನೆದರೆ ಸಂಕಟವಾಗುತ್ತದೆ.

1980ರ ಮಾಸ್ಕೋ ಒಲಿಂಪಿಕ್ಸನ್ನು ಪಶ್ಚಿಮ ಜರ್ಮನಿ ಬಹಿಷ್ಕರಿಸಿತು. ರಿಕ್ಟರ್ ಓಟ ಅಲ್ಲಿಗೆ ಮುಗಿಯಿತು, ಆಗ ಅವರಿಗೆ 29 ವರ್ಷ. ಒಟ್ಟು ಲೆಕ್ಕ ಎರಡು ಒಲಿಂಪಿಕ್ ಚಿನ್ನ, ಎರಡು ಬೆಳ್ಳಿ.

2022ರ ಆಗಸ್ಟ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ಮ್ಯೂನಿಕ್‌ನ ಅದೇ ಒಲಿಂಪಿಕ್ ಕ್ರೀಡಾಂಗಣಕ್ಕೆ ಬಂತು. ಜರ್ಮನಿಯ ಗೀನಾ ಲ್ಯೂಕೆನ್‌ಕೆಂಪರ್ 100 ಮೀಟರನ್ನು 10.99ರಲ್ಲಿ ಗೆದ್ದು, ಗೆರೆ ದಾಟಿದ ರಭಸಕ್ಕೆ ಬಿದ್ದು ಮೊಣಕಾಲು ಸೀಳಿಕೊಂಡರು. ಹೊಲಿಗೆ ಹಾಕಿಸಿಕೊಂಡ ಕಾಲಲ್ಲೇ ಕೂಟದ ಕೊನೆಯ ದಿನ ರಿಲೇಗೆ ಇಳಿದರು. ಅಲೆಕ್ಸಾಂಡ್ರಾ ಬುರ್ಗ್‌ಹಾರ್ಟ್, ಲೀಸಾ ಮಾಯರ್, ಲ್ಯೂಕೆನ್‌ಕೆಂಪರ್, ರೆಬೆಕಾ ಹಾಸೆ. ಜರ್ಮನಿ 42.34ರಲ್ಲಿ ಗೆದ್ದಿತು. 100 ಮೀಟರ್ ಚಾಂಪಿಯನ್ ಓಡಿದ್ದು ಮೂರನೇ ಲೆಗ್, ಬ್ಯಾಟನ್ ಬಲಗೈಯಲ್ಲಿ, ರಿಕ್ಟರ್ ಓಡಿದ್ದ ತಿರುವಿನಲ್ಲೇ.